ಅಳಲೆಕಾಯಿ ಕಷಾಯ ಮತ್ತು 52 ಪೆಟ್ರಿ ತಟ್ಟೆ: ಎರಡು ತಿಂಗಳ ಕೆಲಸದ ದಿನಚರಿ

ನಿನ್ನೆ ಸಂಜೆ ಕೊನೆಯ ನಾಲ್ಕು ತಟ್ಟೆಗಳನ್ನು ಕುಕ್ಕರಿನಲ್ಲಿ ಬೇಯಿಸಿ, ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಾದ ಅಗರನ್ನು ಕೆರೆದು ತೆಗೆದು, ತೊಳೆದು ಕವುಚಿ ಹಾಕಿದೆ. ಜನವರಿ 8ಕ್ಕೆ ಹಿಡಿದ ಕೆಲಸ ಮಾರ್ಚ್ 14ಕ್ಕೆ ಒಂದು ಹಂತಕ್ಕೆ ಬಂದಿದೆ. ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಕ್ರಮವಾಗಿ ಇಲ್ಲಿ ಇಡುತ್ತಿದ್ದೇನೆ. ಇಂಥದೇ ಸಣ್ಣ ಪ್ರಯೋಗಾಲಯದಲ್ಲಿ ಇದೇ ಕೆಲಸಕ್ಕೆ ಕೈಹಾಕುವ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಾವು ಎಡವಿದ ಜಾಗಗಳು ತಿಳಿದಿರಲಿ ಎಂಬುದೇ ಉದ್ದೇಶ.

ನಾನು ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಕಲಿಸುತ್ತೇನೆ. ಔಷಧಿ ಸಸ್ಯಗಳ ಸಾರ ತೆಗೆದು ಅದು ಬ್ಯಾಕ್ಟೀರಿಯಾವನ್ನು ತಡೆಯುತ್ತದೆಯೇ ಎಂದು ನೋಡುವ ಪ್ರಾಜೆಕ್ಟ್ ಪ್ರತಿ ವರ್ಷವೂ ಬರುತ್ತದೆ. ತಟ್ಟೆಯ ತುಂಬ ಬ್ಯಾಕ್ಟೀರಿಯಾ ಹರಡಿ, ಅಗರಿನಲ್ಲಿ ಗುಳಿ ಕೊರೆದು, ಸಾರ ಹಾಕಿ, ಮರುದಿನ ಗುಳಿಯ ಸುತ್ತ ಎಷ್ಟು ದೂರ ಏನೂ ಬೆಳೆದಿಲ್ಲ ಎಂದು ಅಳೆಯುವುದು. ಆ ತಿಳಿಯಾದ ವೃತ್ತವನ್ನು ನಾವು ಝೋನ್ ಎನ್ನುತ್ತೇವೆ. ಝೋನಿನ ಫೋಟೊ ಇದ್ದರೆ ಪ್ರಾಜೆಕ್ಟ್ ಗೆದ್ದಂತೆ ಎಂಬ ಭಾವನೆ ಎಲ್ಲ ಕಡೆಯೂ ಇದೆ. ಬರೀ ದ್ರಾವಕ (ಸಾರವನ್ನು ಕರಗಿಸುವ ದ್ರವ) ಹಾಕಿದ ಗುಳಿ ಏನು ಮಾಡಿತು, ಸಾರದ ಆಮ್ಲೀಯತೆ ಎಷ್ಟಿತ್ತು ಎಂದು ಕೇಳದೆಯೇ ನಾನೂ ಅಂಥ ವರದಿಗಳಿಗೆ ಸಹಿ ಹಾಕಿದ್ದೇನೆ. ಅದು ನನಗೆ ವರ್ಷಗಳಿಂದ ಚುಚ್ಚುತ್ತಿತ್ತು.

ಈ ಸಲ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಅಳಲೆಕಾಯಿಯ ಮೇಲೆ ಮಾಡುತ್ತೇನೆಂದು ಬಂದಳು. ನನ್ನ ದೊಡ್ಡಮ್ಮ ಕಾಲುಬಾಯಿ ಜ್ವರ ಬಂದ ದನಗಳ ಗೊರಸಿನ ಹುಣ್ಣನ್ನು ಅಳಲೆಕಾಯಿ ಕಷಾಯದಿಂದ ತೊಳೆಯುತ್ತಿದ್ದುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಈ ಬಾರಿ ಸರಿಯಾಗಿಯೇ ಮಾಡೋಣ ಎಂದು ಇಬ್ಬರೂ ನಿಶ್ಚಯಿಸಿದೆವು.

ಹಂತ 1: ಜನವರಿ 8ರಿಂದ 15, ಸಂಗ್ರಹ ಮತ್ತು ಪುಡಿ

ಆರಿಸಿಕೊಂಡದ್ದು ಐದು: ಅಳಲೆಕಾಯಿಯ ಸಿಪ್ಪೆ, ದಾಳಿಂಬೆ ಸಿಪ್ಪೆ, ಮುರುಗಲು ಸಿಪ್ಪೆ, ಅರಿಶಿನ ಕೊಂಬು, ಲಕ್ಕಿ ಸೊಪ್ಪು. ಸಸ್ಯಶಾಸ್ತ್ರದ ಸಹೋದ್ಯೋಗಿಯೊಬ್ಬರು ಗುರುತು ಖಚಿತಪಡಿಸಿ, ಅಳಲೆ ಮತ್ತು ಲಕ್ಕಿಯ ರೆಂಬೆಗಳನ್ನು ಹರ್ಬೇರಿಯಂ ಹಾಳೆಗೆ ಅಂಟಿಸಿ ಇಟ್ಟರು. ಈ ಹಾಳೆ ಇಲ್ಲದಿದ್ದರೆ ಮುಂದಿನ ಎಲ್ಲ ಅಳತೆಯೂ ಯಾವುದೋ ಗಿಡದ ಅಳತೆ.

ಎಲ್ಲವನ್ನೂ ನೆರಳಿನಲ್ಲಿ, ಹಳೆಯ ಪತ್ರಿಕೆಯ ಮೇಲೆ ಏಳು ದಿನ ಒಣಗಿಸಿದೆವು. ಅಂಗಡಿಯ ಅರಿಶಿನ ಪುಡಿ ತರಲಿಲ್ಲ. ಅದರಲ್ಲಿ ಏನು ಬೆರೆತಿದೆಯೋ ಹೇಳಲಾಗದು. ವಿದ್ಯಾರ್ಥಿನಿಯ ಮನೆಯಲ್ಲೇ ಬೇಯಿಸಿ ಒಣಗಿಸಿದ ಕೊಂಬು ತಂದೆವು.

ಇಲ್ಲಿ ಎರಡು ತಪ್ಪಾದವು. ಮೊದಲನೆಯದು, ಅಳಲೆಕಾಯಿಯನ್ನು ಬೀಜ ಸಮೇತ ಮಿಕ್ಸಿಗೆ ಹಾಕಿದ್ದು. ಜಾರಿನ ಅಡಿಯ ಕಪ್ಲರ್ ಮುರಿಯಿತು, 60 ರೂಪಾಯಿ. ಬಳಿಕ ಒರಳಿನಲ್ಲಿ ಜಜ್ಜಿ, ಗಟ್ಟಿ ಬೀಜ ಆರಿಸಿ ತೆಗೆದು, ಬರೀ ಸಿಪ್ಪೆಯನ್ನು ಪುಡಿ ಮಾಡಿ ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದೆವು.

ಎರಡನೆಯದು ಮುರುಗಲಿನದು. ಹಿಂದಿನ ಬೇಸಿಗೆಯಲ್ಲಿ ಒಣಗಿಸಿದ ಸಿಪ್ಪೆಯನ್ನು ಒಬ್ಬರ ಮನೆಯಿಂದ ತಂದಿದ್ದೆವು. ಪುಡಿ ಮಾಡುವಾಗ ಸಿಪ್ಪೆಯ ಮಡಿಕೆಯಲ್ಲಿ ಸಣ್ಣ ಬಿಳಿ ಹರಳು ಕಂಡಿತು. ನಾಲಿಗೆಗೆ ತಾಗಿಸಿದರೆ ಉಪ್ಪು. ಕೆಡದಿರಲಿ ಎಂದು ಅವರು ಉಪ್ಪು ಹಾಕಿಯೇ ಒಣಗಿಸಿದ್ದರು. ಅಡುಗೆಯ ಸಾರಿಗೆ ಅದು ಸರಿ, ನಮಗೆ ಸಲ್ಲದು. ಉಪ್ಪೂ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಆ ಅರ್ಧ ಕಿಲೋ ಅಡುಗೆಮನೆಗೆ ಹೋಯಿತು. ಉಪ್ಪು ಹಾಕದೆ ಒಣಗಿಸುವ ಇನ್ನೊಂದು ಮನೆ ಹುಡುಕಲು ಮೂರು ದಿನ ಬೇಕಾಯಿತು.

ಹಂತ 2: ಜನವರಿ 16ರಿಂದ 25, ಸಾರ ತೆಗೆದದ್ದು

ಎಥನಾಲ್ ಬಳಸಬೇಕೆಂದಿತ್ತು. ಅದನ್ನು ಕೊಳ್ಳಲು ಅಬಕಾರಿ ಪರವಾನಗಿ ಬೇಕು. ಹಾಗಾಗಿ ಮೆಥನಾಲ್. ಪ್ರತಿಯೊಂದರ 10 ಗ್ರಾಂ ಪುಡಿಗೆ 100 ಮಿಲಿಲೀಟರ್ ಮೆಥನಾಲ್, ಮುಚ್ಚಿದ ಶಂಕುವಿನಾಕಾರದ ಫ್ಲಾಸ್ಕ್, 48 ಗಂಟೆ. ಅಲುಗಾಡಿಸುವ ಯಂತ್ರ ನಮ್ಮಲ್ಲಿಲ್ಲ. ಕಾಲೇಜಿನ ಸಮಯದಲ್ಲಿ ಗಂಟೆಗೊಮ್ಮೆ ಕೈಯಿಂದ ಅಲುಗಾಡಿಸಿದೆವು. ವಾಟ್‌ಮನ್ ನಂಬರ್ 1 ಕಾಗದದಲ್ಲಿ ಸೋಸಿದೆವು.

ದ್ರಾವಕವನ್ನು ಆವಿಯಾಗಿಸುವ ಕೆಲಸದಲ್ಲಿ ಎಚ್ಚರ ಬೇಕು. ಮೆಥನಾಲ್ ವಿಷ, ಬೇಗ ಬೆಂಕಿ ಹತ್ತಿಕೊಳ್ಳುತ್ತದೆ, ಅದರ ಆವಿ ಉಸಿರಿಗೆ ಸೇರಬಾರದು. ತೂಕ ಮಾಡಿಟ್ಟ ಗಾಜಿನ ಬೋಗುಣಿಗಳಿಗೆ ಸುರಿದು, ಆವಿಯನ್ನು ಹೊರಹಾಕುವ ಫ್ಯೂಮ್ ಹುಡ್‌ನ ಒಳಗೆ, ಕಾಯಿಸಿದ ನೀರಿನ ತಟ್ಟೆಯ ಮೇಲೆ ಇಟ್ಟೆವು. ನೀರು ತಣಿದಾಗ ಬದಲಿಸುವುದು. ಒಲೆ, ಸ್ಪಿರಿಟ್ ದೀಪ ಯಾವುದೂ ಆ ಕೋಣೆಯಲ್ಲಿ ಇರಲಿಲ್ಲ.

10 ಗ್ರಾಂ ಪುಡಿಯಿಂದ ಸಿಕ್ಕ ಸಾರ: ಅಳಲೆ 3.6 ಗ್ರಾಂ, ದಾಳಿಂಬೆ 3.1, ಮುರುಗಲು 4.2, ಅರಿಶಿನ 1.1, ಲಕ್ಕಿ 1.3. ಅಳಲೆಯದು ಒಣಗಿ ಕಂದು ಬಣ್ಣದ ಹಕ್ಕಳೆಯಾಯಿತು, ಚಮಚದಿಂದ ಕೆರೆದರೆ ಗಾಜಿನ ಚೂರಿನಂತೆ ಸಿಡಿಯುತ್ತಿತ್ತು. ಮುರುಗಲಿನದು ಕೊನೆಯವರೆಗೂ ಒಣಗಲೇ ಇಲ್ಲ, ಜೋನಿ ಬೆಲ್ಲದ ಹಾಗೆ ಉಳಿಯಿತು. ಅದರ 4.2 ಗ್ರಾಂನಲ್ಲಿ ನೀರಿನ ತೂಕವೂ ಸೇರಿದೆ.

ಒಂದು ಮಾತು ಸೇರಿಸಬೇಕು. ಮೊದಲ ಸಲ 'ಒಣಗಿದಂತೆ ಕಾಣುತ್ತಿದೆ' ಎಂದು ನಿಲ್ಲಿಸಿದ್ದೆವು. ಅರಿಶಿನದ ಬೋಗುಣಿಯ ತೂಕ ಮರುದಿನ 0.2 ಗ್ರಾಂ ಇಳಿದಿತ್ತು. ಅಂದರೆ ಮೆಥನಾಲ್ ಇನ್ನೂ ಒಳಗಿತ್ತು. ಎರಡು ದಿನ ಒಂದರ ಮೇಲೊಂದು ತೂಗಿದಾಗ ತೂಕ ಬದಲಾಗದಿದ್ದರೆ ಮಾತ್ರ ಒಣಗಿತೆಂದು ಬರೆಯುವುದು ಎಂಬ ನಿಯಮ ಅಂದಿನಿಂದ ಮಾಡಿಕೊಂಡೆವು.

ಹಂತ 3: ಜನವರಿ 28, ಅಗರ್ ಸುರಿದದ್ದು

ಮುಲ್ಲರ್ ಹಿಂಟನ್ ಅಗರ್, ಲೀಟರಿಗೆ 38 ಗ್ರಾಂ. ಹಬೆಯ ಒತ್ತಡದಲ್ಲಿ ಕ್ರಿಮಿಶುದ್ಧಿ ಮಾಡುವ ನಮ್ಮ ಆಟೋಕ್ಲೇವಿನ ಗ್ಯಾಸ್ಕೆಟ್ ಸೋರುತ್ತಿದ್ದರಿಂದ 10 ಲೀಟರಿನ ಕುಕ್ಕರ್ ಬಳಸಿದೆವು: ಮೊದಲ ಸೀಟಿಯ ನಂತರ ಉರಿ ಸಣ್ಣ ಮಾಡಿ 20 ನಿಮಿಷ. ಪ್ರತಿ ಸಲವೂ ಆಟೋಕ್ಲೇವ್ ಟೇಪಿನ ತುಂಡನ್ನು ಒಳಗಿಟ್ಟು ಗೆರೆ ಕಪ್ಪಾಗುವುದನ್ನು ನೋಡಿದೆವು. ಟೇಪು ಬಿಸಿ ತಾಗಿದೆ ಎಂದಷ್ಟೇ ಹೇಳುತ್ತದೆ. ಹಾಗಾಗಿ ಏನನ್ನೂ ಹರಡದ ಎರಡು ತಟ್ಟೆಗಳನ್ನು ಒಂದು ರಾತ್ರಿ 37 ಡಿಗ್ರಿಯಲ್ಲಿಟ್ಟು, ಏನೂ ಬೆಳೆದಿಲ್ಲ ಎಂದು ಖಚಿತಪಡಿಸಿಕೊಂಡು, ಆಮೇಲೆ ಅವನ್ನೇ ಬಳಸಿದೆವು.

90 ಮಿಲಿಮೀಟರ್ ತಟ್ಟೆಗೆ 25 ಮಿಲಿಲೀಟರ್ ಸುರಿದರೆ ಸುಮಾರು 4 ಮಿಲಿಮೀಟರ್ ದಪ್ಪ ಬರುತ್ತದೆ. ಮೊದಲ ಕಂತು 18 ತಟ್ಟೆ.

ಹಂತ 4: ಜನವರಿ 30 ಮತ್ತು 31, ಮೊದಲ ಪರೀಕ್ಷೆ, ಪೂರ್ತಿ ವ್ಯರ್ಥ

ಮೂರು ಬ್ಯಾಕ್ಟೀರಿಯಾ: ಸ್ಟೆಫೈಲೊಕಾಕಸ್ ಆರಿಯಸ್ ಎ.ಟಿ.ಸಿ.ಸಿ. 25923, ಇ. ಕೋಲೈ ಎ.ಟಿ.ಸಿ.ಸಿ. 25922, ಬ್ಯಾಸಿಲಸ್ ಸಬ್ಟಿಲಿಸ್. ಎ.ಟಿ.ಸಿ.ಸಿ. ಅಂಕಿ ಮಾನಕ ತಳಿಯ ಗುರುತು. ವಿಶ್ವವಿದ್ಯಾಲಯದ ವಿಭಾಗವೊಂದರಿಂದ ಸ್ಲ್ಯಾಂಟ್ (ನಳಿಕೆಯಲ್ಲಿ ಓರೆಯಾಗಿ ಗಟ್ಟಿಯಾದ ಅಗರ್) ರೂಪದಲ್ಲಿ ತಂದದ್ದು. ಚರಂಡಿಯಿಂದಲೋ ಮೂಗಿನಿಂದಲೋ ಹತ್ತಿ ಕಡ್ಡಿಯಲ್ಲಿ ತೆಗೆದು ಬೆಳೆಸುವುದನ್ನು ದಯವಿಟ್ಟು ಯಾರೂ ಮಾಡಬೇಡಿ. ಬೆಳೆದದ್ದು ಏನು ಎಂಬುದೇ ತಿಳಿದಿರುವುದಿಲ್ಲ. ಆರಿಯಸ್ ತಟ್ಟೆಗಳನ್ನು ನಾನೇ ಹರಡಿದೆ, ಕೈಗವಸು ಹಾಕಿಕೊಂಡು, ಫ್ಯಾನ್ ನಿಲ್ಲಿಸಿ, ಎರಡು ದೀಪಗಳ ನಡುವೆ.

ಪ್ರತಿ ಬ್ಯಾಕ್ಟೀರಿಯಾಕ್ಕೂ ಎರಡೆರಡು ತಟ್ಟೆ, ಮೂರು ಪುನರಾವರ್ತನೆ. ಮೊದಲ ತಟ್ಟೆಯಲ್ಲಿ ಮೂರು ಸಾರ ಮತ್ತು 10 ಮೈಕ್ರೊಗ್ರಾಂ ಜೆಂಟಾಮೈಸಿನ್ (ಒಂದು ಆ್ಯಂಟಿಬಯೋಟಿಕ್) ಬಿಲ್ಲೆ. ಎರಡನೆಯದರಲ್ಲಿ ಎರಡು ಸಾರ ಮತ್ತು ಬರೀ ದ್ರಾವಕದ ಗುಳಿ. 6 ಮಿಲಿಮೀಟರ್ ಕಾರ್ಕ್ ಬೋರರಿನಿಂದ ಗುಳಿ ಕೊರೆದು, ಮೆಥನಾಲಿನಲ್ಲೇ ಕರಗಿಸಿದ 100 ಮಿಲಿಗ್ರಾಂ/ಮಿಲಿಲೀಟರ್ ಸಾರವನ್ನು ಗುಳಿಗೆ 100 ಮೈಕ್ರೊಲೀಟರಿನಂತೆ ಹಾಕಿದೆವು.

ಮರುದಿನ ಬೆಳಿಗ್ಗೆ ಇನ್ಕ್ಯುಬೇಟರಿನ ಬಾಗಿಲು ತೆರೆದಾಗ ಐದಕ್ಕೆ ಐದೂ ಸಾರದ ಸುತ್ತ ಝೋನ್. ವಿದ್ಯಾರ್ಥಿನಿಯ ಮುಖ ಅರಳಿತು. "ಮೇಡಂ, ಎಲ್ಲವೂ ಬಂದಿದೆ!" ಎಂದು ಫೋಟೊ ತೆಗೆಯಲು ಓಡಿದಳು. ನಾನು ದ್ರಾವಕದ ಗುಳಿಯಿದ್ದ ತಟ್ಟೆ ಎತ್ತಿ ಬೆಳಕಿಗೆ ಹಿಡಿದೆ. ಗಿಡದ ಸಾರ ಒಂದು ಹನಿಯೂ ಇಲ್ಲದ ಆ ಗುಳಿಯ ಸುತ್ತಲೂ 10 ಮಿಲಿಮೀಟರಿನ ತಿಳಿ ವೃತ್ತವಿತ್ತು. ಲಕ್ಕಿಯ ಸುತ್ತ 11. ಅರಿಶಿನದ ಸುತ್ತ 10. ಆ ದಿನ ಕೊಂದದ್ದು ಬಹುಪಾಲು ಮೆಥನಾಲ್.

ಇನ್ನೂ ಎರಡು ದೋಷ ಅದೇ ತಟ್ಟೆಗಳಲ್ಲಿ ಇದ್ದವು. ಕೆಲವು ಝೋನ್‌ಗಳು ವೃತ್ತವಾಗಿರಲಿಲ್ಲ, ಮೊಟ್ಟೆಯಾಕಾರ. ಅಗರನ್ನು ಅಡ್ಡ ಕತ್ತರಿಸಿ ಸ್ಕೇಲಿಟ್ಟು ನೋಡಿದರೆ ಒಂದು ಅಂಚಿನಲ್ಲಿ 3 ಮಿಲಿಮೀಟರ್, ಎದುರು ಅಂಚಿನಲ್ಲಿ 5. ನಮ್ಮ ಕಡಪ ಕಲ್ಲಿನ ಮೇಜು ವಾಲಿಕೊಂಡಿತ್ತು. ಇದರ ಪರಿಣಾಮ ಝೋನಿನ ಆಕಾರಕ್ಕಷ್ಟೇ ಸೀಮಿತವಲ್ಲ. 4 ಮಿಲಿಮೀಟರ್ ದಪ್ಪದ ಅಗರಿನಲ್ಲಿ 6 ಮಿಲಿಮೀಟರಿನ ಗುಳಿ ಸುಮಾರು 113 ಮೈಕ್ರೊಲೀಟರ್ ಹಿಡಿಯುತ್ತದೆ. 3 ಮಿಲಿಮೀಟರಿನಲ್ಲಿ 85 ಮಾತ್ರ. ತೆಳು ಅಂಚಿನ ಗುಳಿಗಳಲ್ಲಿ ಸಾರ ಉಕ್ಕಿ ಮೇಲೆ ಹರಡಿತ್ತು.

ಮೂರನೆಯದು, ಬೋರರ್ ಎತ್ತುವಾಗ ಅಗರ್ ತಟ್ಟೆಯ ತಳದಿಂದ ಬಿಟ್ಟುಕೊಂಡು ಸಾರ ಅಡಿಯಲ್ಲಿ ನುಗ್ಗಿದ್ದು. ತಟ್ಟೆಯನ್ನು ತಿರುಗಿಸಿ ನೋಡಿದಾಗ ದಾಳಿಂಬೆಯ ಕಂದು ಬಣ್ಣ ನಕ್ಷೆಯ ನದಿಯಂತೆ ಅಡಿಯಲ್ಲಿ ಹರಿದದ್ದು ಕಂಡಿತು.

18 ತಟ್ಟೆಯನ್ನೂ ಕೈಬಿಟ್ಟೆವು. 450 ಮಿಲಿಲೀಟರ್ ಅಗರ್, 17.1 ಗ್ರಾಂ ಪುಡಿ, ಸುಮಾರು 197 ರೂಪಾಯಿ. ಫೋಟೊಗಳನ್ನು ಅಳಿಸಲಿಲ್ಲ. ವರದಿಯಲ್ಲಿ ಅವು 'ಹೀಗೆ ಮಾಡಬಾರದು' ಎಂಬ ಶೀರ್ಷಿಕೆಯಡಿ ಇವೆ.

ಹಂತ 5: ಫೆಬ್ರವರಿ 3ರಿಂದ 10, ತಿದ್ದುಪಡಿ

ಮೊಬೈಲಿನ ಮಟ್ಟ ನೋಡುವ ಆ್ಯಪ್ ಇಟ್ಟು, ಮೇಜಿನ ಮೇಲೆ ಗಾಜಿನ ಹಲಗೆ ಹಾಸಿ, ಅದರ ಒಂದು ಮೂಲೆಗೆ ಮಡಿಸಿದ ರಟ್ಟು ಕೊಟ್ಟು ಸಮ ಮಾಡಿದೆವು. ಗುಳಿ ಕೊರೆದ ಮೇಲೆ ಪ್ರತಿ ಗುಳಿಯ ತಳಕ್ಕೆ ಕರಗಿದ ಅಗರಿನ ಒಂದು ಹನಿ ಬಿಟ್ಟು ಬಿರುಕು ಮುಚ್ಚಿದೆವು. ಸಾರದ ಪ್ರಮಾಣವನ್ನು 80 ಮೈಕ್ರೊಲೀಟರಿಗೆ ಇಳಿಸಿದೆವು.

ದ್ರಾವಕ ಬದಲಾಯಿತು. ಸಾರವನ್ನು ಮೊದಲು ಸ್ವಲ್ಪ ಡಿ.ಎಂ.ಎಸ್.ಒ. (ಡೈಮಿಥೈಲ್ ಸಲ್ಫಾಕ್ಸೈಡ್) ದ್ರವದಲ್ಲಿ ಕರಗಿಸಿ, ನೀರು ಬೆರೆಸಿ ಕೊನೆಗೆ ಆ ದ್ರವದ ಪ್ರಮಾಣವನ್ನು ಶೇಕಡ 10ಕ್ಕೆ ತಂದದ್ದು. ಅಳಲೆ, ದಾಳಿಂಬೆ, ಮುರುಗಲು ಸರಾಗವಾಗಿ ಕರಗಿದವು. ಅರಿಶಿನಕ್ಕೆ ನೀರು ಬೀಳುತ್ತಿದ್ದಂತೆ ಹಳದಿ ಕೆನೆ ಬೇರೆಯಾಯಿತು. ಎಷ್ಟು ಅಲುಗಾಡಿಸಿದರೂ ಕರಗದೆ ತೇಲುತ್ತಿತ್ತು, ಹಾಗೆಯೇ ಬರೆದುಕೊಂಡೆವು.

ಬ್ಯಾಕ್ಟೀರಿಯಾದ ಸಾಂದ್ರತೆಯನ್ನು ಮೊದಲ ಸಲ ಕಣ್ಣಳತೆಯಲ್ಲಿ ಮಾಡಿದ್ದೆ. ಅದು ನನ್ನ ಸೋಮಾರಿತನ, ಬೇರೆ ಕಾರಣವಿಲ್ಲ. ತೆಳುವಾಗಿ ಹರಡಿದರೆ ಝೋನ್ ದೊಡ್ಡದಾಗುತ್ತದೆ, ದಟ್ಟವಾದರೆ ಕಿರಿದಾಗುತ್ತದೆ. ಈಗ ಕದಡಿನ ಮಟ್ಟವನ್ನು ಹೋಲಿಸಿ ನೋಡುವ 0.5 ಮ್ಯಾಕ್‌ಫಾರ್ಲೆಂಡ್ ಮಾನಕವನ್ನು ನಾವೇ ಮಾಡಿಕೊಂಡೆವು: ಶೇಕಡ 1.175ರ ಬೇರಿಯಂ ಕ್ಲೋರೈಡ್ ದ್ರಾವಣ 0.05 ಮಿಲಿಲೀಟರ್, ಶೇಕಡ 1ರ ಗಂಧಕಾಮ್ಲ 9.95 ಮಿಲಿಲೀಟರ್. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ; ಬೇರಿಯಂ ಕ್ಲೋರೈಡ್ ವಿಷ. ಮುಚ್ಚಳಕ್ಕೆ ಪ್ಯಾರಾಫಿನ್ ಸುತ್ತಿ ಕತ್ತಲಲ್ಲಿಟ್ಟೆವು. ಕಪ್ಪು ಗೆರೆ ಎಳೆದ ಬಿಳಿ ಕಾಗದವನ್ನು ಹಿಂದೆ ಹಿಡಿದು, ಮಾನಕದ ನಳಿಕೆ, ಬ್ಯಾಕ್ಟೀರಿಯಾದ ನಳಿಕೆ ಎರಡರ ಮೂಲಕವೂ ಗೆರೆ ಒಂದೇ ಬಗೆಯಲ್ಲಿ ಮಸುಕಾಗಿ ಕಂಡರೆ ಮಿಲಿಲೀಟರಿಗೆ ಸುಮಾರು 15 ಕೋಟಿ ಜೀವಕೋಶ ಇದೆ ಎಂದು ಲೆಕ್ಕ. ಹಾಗೆ ಹೊಂದಿಸಿದ್ದನ್ನು 15 ನಿಮಿಷದೊಳಗೆ ತಟ್ಟೆಗೆ ಹರಡುವುದು.

ಹಂತ 6: ಫೆಬ್ರವರಿ 12ರಿಂದ 14, ಎರಡನೆಯ ಪರೀಕ್ಷೆ

ಮತ್ತೆ 18 ತಟ್ಟೆ. ಮೊದಲು ನೋಡಿದ್ದು ಕಂಟ್ರೋಲ್‌ಗಳನ್ನು, ಅಂದರೆ ಹೋಲಿಕೆಗೆಂದು ಇಟ್ಟ ದ್ರಾವಕದ ಗುಳಿ ಮತ್ತು ಜೆಂಟಾಮೈಸಿನ್ ಬಿಲ್ಲೆಯನ್ನು. ದ್ರಾವಕದ ಗುಳಿಯ ಸುತ್ತ ಏನೂ ಇಲ್ಲ, ಬ್ಯಾಕ್ಟೀರಿಯಾ ಅಂಚಿನವರೆಗೂ ಬೆಳೆದಿದೆ. ಜೆಂಟಾಮೈಸಿನ್ ಆರಿಯಸ್ ಮೇಲೆ 22 ಮಿಲಿಮೀಟರ್, ಕೋಲೈ ಮೇಲೆ 21. ಈ ತಳಿಗಳಿಗೆ ಒಪ್ಪಿತ ಮಿತಿ ಕ್ರಮವಾಗಿ 19–27 ಮತ್ತು 19–26. ಅಂದರೆ ಅಗರ್, ಸಾಂದ್ರತೆ, ಉಷ್ಣತೆ ಎಲ್ಲವೂ ಹದದಲ್ಲಿವೆ. ಆ ಎರಡು ಅಂಕಿ ನೋಡಿದಾಗ ಆದ ಸಮಾಧಾನ ಮೊದಲ ದಿನದ ಐದು ಝೋನ್‌ಗಳಿಂದ ಆಗಿರಲಿಲ್ಲ.

ಅಳೆಯುವಾಗ ಒಂದು ಸಂಗತಿ ಗಮನಕ್ಕೆ ಬಂತು. ಝೋನಿನ ಅಂಚು ಗೆರೆ ಕೊರೆದಂತೆ ಇರುವುದಿಲ್ಲ, ಮಸುಕಾಗಿ ಮುಗಿಯುತ್ತದೆ. ವಿದ್ಯಾರ್ಥಿನಿಗೆ ಮುರುಗಲಿನ ಮೇಲೆ ಒಲವು. ಅದನ್ನು ಅಳೆಯುವಾಗ ವರ್ನಿಯರ್ ಕ್ಯಾಲಿಪರಿನ ದವಡೆ ಮಸುಕಿನ ಹೊರ ಅಂಚಿಗೆ ಹೋಗುತ್ತಿತ್ತು, ಲಕ್ಕಿಗೆ ಬಂದಾಗ ಒಳ ಅಂಚಿಗೆ. ಅವಳಿಗೆ ತಿಳಿದೇ ಇರಲಿಲ್ಲ. ನನಗೂ ಅಳಲೆಯ ವಿಷಯದಲ್ಲಿ ಹಾಗೇ ಆಗಬಹುದಿತ್ತು. ತಟ್ಟೆಗಳ ಹೆಸರಿನ ಮೇಲೆ ಕಾಗದ ಅಂಟಿಸಿ, ಅಂಕಿ ಕೊಟ್ಟು, ಇಬ್ಬರೂ ಬೇರೆ ಬೇರೆಯಾಗಿ ಅಳೆದು, 1 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದಲ್ಲಿ ಮತ್ತೆ ಅಳೆದೆವು.

ಆರಿಯಸ್ ಮೇಲೆ ಮೂರು ತಟ್ಟೆಗಳ ಸರಾಸರಿ, ಗುಳಿಯ 6 ಮಿಲಿಮೀಟರ್ ಸೇರಿ: ಅಳಲೆ 19, ದಾಳಿಂಬೆ 18, ಮುರುಗಲು 17, ಲಕ್ಕಿ 9, ಅರಿಶಿನ 8. ಕೋಲೈ ಮೇಲೆ: ಮುರುಗಲು 14, ಅಳಲೆ 12, ದಾಳಿಂಬೆ 11, ಉಳಿದೆರಡು ಸೊನ್ನೆ. ಸಬ್ಟಿಲಿಸ್ ಬಹುತೇಕ ಆರಿಯಸ್‌ನ ಹಾದಿಯನ್ನೇ ಹಿಡಿಯಿತು.

ಹಂತ 7: ಫೆಬ್ರವರಿ 17ರಿಂದ 22, ಮುರುಗಲು

ಕೋಲೈ ಮೇಲೆ ಮುರುಗಲು ಅಳಲೆಯನ್ನೂ ಮೀರಿಸಿದ್ದು ವಿದ್ಯಾರ್ಥಿನಿಗೆ ಹಬ್ಬವಾಗಿತ್ತು. ವರದಿಯ ಶೀರ್ಷಿಕೆಯಲ್ಲಿ ಆಗಲೇ ಮುರುಗಲಿನ ಹೆಸರು ಸೇರಿತ್ತು. ನನಗೆ ಮಾತ್ರ ಅದರ ಹುಳಿ ನೆನಪಾಗುತ್ತಿತ್ತು. ಬಾಯಿಗೆ ಅಷ್ಟು ಹುಳಿಯಾದ ಪದಾರ್ಥ ಅಗರಿನಲ್ಲಿ ಹರಡಿದರೆ ಬ್ಯಾಕ್ಟೀರಿಯಾಕ್ಕೂ ಹುಳಿಯೇ.

ಪಿ.ಎಚ್. (ಆಮ್ಲೀಯತೆಯ ಅಳತೆ; 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) ನೋಡಿದೆವು: ಮುರುಗಲಿನ ದ್ರಾವಣ 2.4, ಅಳಲೆ 3.4, ದಾಳಿಂಬೆ 3.8. ಇದನ್ನು ಮೊದಲ ದಿನವೇ ನೋಡಬೇಕಿತ್ತು. ಮೀಟರ್ ಪಕ್ಕದ ಕೋಣೆಯಲ್ಲೇ ಇತ್ತು.

ಎಂಟು ತಟ್ಟೆಗಳಲ್ಲಿ ಹೀಗೆ ಪರೀಕ್ಷಿಸಿದೆವು. ಒಂದು ಗುಳಿಗೆ ಇದ್ದಂತೆಯೇ ಇರುವ ಸಾರ. ಎರಡನೆಯದಕ್ಕೆ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಬೆರೆಸಿ 6.8ಕ್ಕೆ ತಂದ ಅದೇ ಸಾರ. ಮೂರನೆಯದಕ್ಕೆ ಅಂಗಡಿಯ ಸಿಟ್ರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ 2.4ಕ್ಕೆ ಹೊಂದಿಸಿದ್ದು. ಬೆರೆಸಿದ ಹನಿಗಳ ಗಾತ್ರದಷ್ಟೇ ನೀರನ್ನು ಮೊದಲ ದ್ರಾವಣಕ್ಕೂ ಸೇರಿಸಿದೆವು, ಇಲ್ಲದಿದ್ದರೆ ಸಾಂದ್ರತೆ ಬೇರೆಯಾಗುತ್ತದೆ. ಹನಿಹನಿಯಾಗಿ ಹಾಕುವುದರಲ್ಲೂ ಒಂದು ಪಾಠವಿತ್ತು. ಅಳಲೆಯ ದ್ರಾವಣಕ್ಕೆ ಒಮ್ಮೆ ಕೈ ತಪ್ಪಿ ಹೆಚ್ಚು ಕ್ಷಾರ ಬಿತ್ತು. ಕಣ್ಣೆದುರೇ ತಿಳಿ ಕಂದು ಬಣ್ಣ ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪಾಯಿತು. ಒಗರು ಕೊಡುವ ಟ್ಯಾನಿನ್‌ಗಳು ಕ್ಷಾರದಲ್ಲಿ ಹೀಗೆ ಕೆಡುತ್ತವೆ. ಅದನ್ನು ಚೆಲ್ಲಿ ಹೊಸದಾಗಿ ಮಾಡಿದೆವು.

22ರಂದು ಓದಿದ ಫಲಿತಾಂಶ: ಆರಿಯಸ್ ಮೇಲೆ ಮುರುಗಲು 17ರಿಂದ 8ಕ್ಕೆ ಇಳಿಯಿತು. ಕೋಲೈ ಮೇಲೆ 14ರಿಂದ ಸೊನ್ನೆಗೆ. ಬರೀ ಸಿಟ್ರಿಕ್ ಆಮ್ಲ ಕೋಲೈ ಮೇಲೆ 13 ಕೊಟ್ಟಿತು. ಅಳಲೆ ಆರಿಯಸ್ ಮೇಲೆ 19ರಿಂದ 17ಕ್ಕೆ, ದಾಳಿಂಬೆ 18ರಿಂದ 16ಕ್ಕೆ ಮಾತ್ರ ಇಳಿದವು.

ವಿದ್ಯಾರ್ಥಿನಿ ತುಂಬ ಹೊತ್ತು ಮಾತಾಡಲಿಲ್ಲ. "ಮೇಡಂ, ಹಾಗಾದರೆ ಮುರುಗಲಿನಲ್ಲಿ ಏನೂ ಇಲ್ಲವೇ?" ಎಂದಳು. ಇದೆ, ಹುಳಿ ಇದೆ, ಆ ಹುಳಿಯೇ ಬ್ಯಾಕ್ಟೀರಿಯಾವನ್ನು ತಡೆದದ್ದು, ಅದನ್ನು ಹಾಗೆಯೇ ಬರೆ ಎಂದೆ. ಹುಳಿ ಹಾಕಿದ ಪದಾರ್ಥ ಬೇಗ ಕೆಡುವುದಿಲ್ಲ ಎಂದು ನಮ್ಮ ಅಡುಗೆಮನೆಗಳಿಗೆ ತಿಳಿದೇ ಇದೆ. ಆದರೆ 'ಮುರುಗಲಿನಲ್ಲಿ ಕೋಲೈ ವಿರುದ್ಧ ಪ್ರಬಲ ಔಷಧಿ ಅಂಶ' ಎಂದು ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು. ಅಂಥ ಸುಳ್ಳಿಗೆ ನಾನು ಹಿಂದೆ ಎಷ್ಟು ಸಲ ಸಹಿ ಹಾಕಿದ್ದೇನೋ ಎಂದು ಅಂದು ರಾತ್ರಿ ನಿದ್ದೆ ಬರಲಿಲ್ಲ.

ಶೀರ್ಷಿಕೆಯಿಂದ ಮುರುಗಲಿನ ಹೆಸರು ಹೋಯಿತು. ವರದಿಯಲ್ಲಿ ಅದಕ್ಕೆ ಎಂಟು ಪುಟ ಸಿಕ್ಕಿತು.

ಹಂತ 8: ಮಾರ್ಚ್ 1ರಿಂದ 8, ಕನಿಷ್ಠ ಪ್ರಮಾಣ

ಅರಿಶಿನಕ್ಕೆ 8 ಮಿಲಿಮೀಟರ್ ಬಂದದ್ದರಿಂದ ಅದು ದುರ್ಬಲ ಎನ್ನುವಂತಿಲ್ಲ. ಗುಳಿಯ ಸುತ್ತ ಹಳದಿ ಬಣ್ಣ 1 ಮಿಲಿಮೀಟರ್ ಕೂಡ ದಾಟಿರಲಿಲ್ಲ. ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ನೀರೇ ತುಂಬಿರುವ ಅಗರಿನಲ್ಲಿ ಹರಿಯುವುದೂ ಇಲ್ಲ. ಬ್ಯಾಕ್ಟೀರಿಯಾದ ಬಳಿಗೇ ತಲುಪದ ಪದಾರ್ಥ ಅದನ್ನು ಕೊಲ್ಲುತ್ತದೆಯೋ ಇಲ್ಲವೋ ಎಂದು ಈ ವಿಧಾನ ಹೇಳಲಾರದು. ಹಾಗಾಗಿ 96 ಗುಳಿಗಳ ಪ್ಲೇಟಿನಲ್ಲಿ ದ್ರವ ಮಾಧ್ಯಮದ (ಬ್ಯಾಕ್ಟೀರಿಯಾ ಬೆಳೆಯುವ ಪೋಷಕ ದ್ರವದ) ಪರೀಕ್ಷೆ: ಸಾರವನ್ನು 5 ಮಿಲಿಗ್ರಾಂ/ಮಿಲಿಲೀಟರಿನಿಂದ ಶುರುಮಾಡಿ ಪ್ರತಿ ಗುಳಿಗೂ ಅರ್ಧ ಅರ್ಧ ಇಳಿಸುತ್ತ 0.039ರವರೆಗೆ, ಎಂಟು ಮೆಟ್ಟಿಲು. ಆರಿಯಸ್ ಮೇಲೆ ಮಾತ್ರ.

ಮೊದಲ ಪ್ಲೇಟು ಹಾಳು. ಬ್ಯಾಕ್ಟೀರಿಯಾ ಹಾಕದ ಲಕ್ಕಿಯ ಗುಳಿಗಳೂ ಮರುದಿನ ಕದಡಿದ್ದವು. ಸೊಪ್ಪಿನ ಜೊತೆ ಬಂದ ಬ್ಯಾಸಿಲಸ್ ಜಾತಿಯ ಬೀಜಕಗಳಿರಬೇಕು. ಅವು ಮೆಥನಾಲಿನಲ್ಲಿ ಸಾಯುವುದಿಲ್ಲ. ಸಿರಿಂಜ್ ಫಿಲ್ಟರಿನಲ್ಲಿ ಸೋಸಲು ಹೋದರೆ 0.22 ಮೈಕ್ರಾನಿನ ಪೊರೆ ಎರಡು ಮಿಲಿಲೀಟರಿಗೇ ಕಟ್ಟಿಕೊಂಡಿತು. ನಾಲ್ಕು ಫಿಲ್ಟರ್ ಕಳೆದುಕೊಂಡ ಮೇಲೆ, ಮೊದಲು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಮಡ್ಡಿ ಕೂರಿಸಿ, ಮೇಲಿನ ತಿಳಿಯನ್ನಷ್ಟೇ ಸೋಸಿದೆವು. ಫಿಲ್ಟರ್ ಕೊಳ್ಳುವಾಗ ನೈಲಾನ್ ಪೊರೆಯದನ್ನೇ ಕೇಳಿ. ಡಿ.ಎಂ.ಎಸ್.ಒ. ಇರುವ ದ್ರಾವಣಕ್ಕೆ ಸೆಲ್ಯುಲೋಸ್ ಪೊರೆಗಳು ತಾಳುವುದಿಲ್ಲ. ಅರಿಶಿನವನ್ನು ಮಾತ್ರ ಸೋಸುವಂತಿರಲಿಲ್ಲ; ಸೋಸಿದರೆ ಅರಿಶಿನವೇ ಪೊರೆಯ ಮೇಲೆ ಉಳಿಯುತ್ತದೆ. ಅದೃಷ್ಟಕ್ಕೆ ಅದರ ಬ್ಯಾಕ್ಟೀರಿಯಾ ಹಾಕದ ಗುಳಿಗಳಲ್ಲಿ ಏನೂ ಬೆಳೆದಿರಲಿಲ್ಲ.

ಎರಡನೆಯ ಪ್ಲೇಟಿನಲ್ಲಿ ಇನ್ನೊಂದು ತೊಡಕು. ಅಳಲೆಯ ಸಾರ ಮಾಧ್ಯಮಕ್ಕೆ ಬಿದ್ದ ಕೂಡಲೇ ಹಾಲು ಒಡೆದಂತೆ ಕದಡಿತು. ಟ್ಯಾನಿನ್‌ಗಳು ಮಾಧ್ಯಮದ ಪ್ರೋಟೀನನ್ನು ಹಿಡಿದು ಕೆಳಗಿಳಿಸುತ್ತವೆ. ತೊಗಲು ಹದ ಮಾಡಲು ಅಳಲೆಕಾಯಿ ಬಳಸುವುದೂ ಇದೇ ಗುಣಕ್ಕಾಗಿ. ಕದಡಿದ್ದು ಬ್ಯಾಕ್ಟೀರಿಯಾ ಬೆಳೆದೋ ಪ್ರೋಟೀನ್ ಒಡೆದೋ ಎಂದು ಕಣ್ಣಿಗೆ ತಿಳಿಯದು. ರೆಸಜುರಿನ್ ಹಾಕಿ ನೋಡೋಣ ಎಂದೆ; ಹಾಲಿನ ಗುಣಮಟ್ಟ ನೋಡಲು ಬಳಸುವ ಅದೇ ಬಣ್ಣ, ಜೀವಂತ ಕೋಶ ಇದ್ದರೆ ನೀಲಿಯಿಂದ ಗುಲಾಬಿಗೆ ತಿರುಗುತ್ತದೆ. ಹಾಲು ಪರೀಕ್ಷೆಯ ಕೆಲಸದಲ್ಲಿರುವ ಪರಿಚಯದವರೊಬ್ಬರು ಸ್ವಲ್ಪ ಕೊಟ್ಟರು. ಬ್ಯಾಕ್ಟೀರಿಯಾ ಇಲ್ಲದ ಅಳಲೆಯ ಮೊದಲ ಮೂರು ಗುಳಿಗಳೂ ಗುಲಾಬಿಯಾದವು! ಸಾರವೇ ಬಣ್ಣವನ್ನು ಬದಲಿಸುತ್ತಿತ್ತು. ಬ್ಯಾಕ್ಟೀರಿಯಾ ಇಲ್ಲದ ಸಾಲನ್ನು ಇಡದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಕೊನೆಗೆ ಹಳೆಯ ದಾರಿ ಹಿಡಿದೆವು. ಮೂರನೆಯ ಪ್ಲೇಟಿನ ಪ್ರತಿ ಗುಳಿಯಿಂದ 5 ಮೈಕ್ರೊಲೀಟರ್ ತೆಗೆದು ಹೊಸ ಅಗರಿನ ಮೇಲೆ ಚುಕ್ಕೆಯಿಟ್ಟು, ಮರುದಿನ ಯಾವ ಚುಕ್ಕೆ ಬೆಳೆದಿದೆ ಎಂದು ನೋಡಿದೆವು. ನಾಲ್ಕು ತಟ್ಟೆ. ಅಳಲೆ 1.25 ಮಿಲಿಗ್ರಾಂ/ಮಿಲಿಲೀಟರಿನವರೆಗೆ ಕೊಂದಿತ್ತು, 0.625ರಲ್ಲಿ ಬೆಳೆಯಿತು. ದಾಳಿಂಬೆಯೂ ಅಷ್ಟೇ. ಅರಿಶಿನ 2.5. ಲಕ್ಕಿ 5ರಲ್ಲೂ ಕೊಲ್ಲಲಿಲ್ಲ.

ಈ ಅಂಕಿಗಳನ್ನು ಹೇಗೆ ನೋಡಬೇಕು ಎಂಬುದನ್ನೂ ಬರೆಯಬೇಕು. ಇದೇ ಬ್ಯಾಕ್ಟೀರಿಯಾವನ್ನು ತಡೆಯಲು ಜೆಂಟಾಮೈಸಿನ್ ಮಿಲಿಲೀಟರಿಗೆ 1 ಮೈಕ್ರೊಗ್ರಾಂ ಸಾಕು. ಕೊಲ್ಲಲು ಅಳಲೆಯ ಕಚ್ಚಾ ಸಾರ ಅದರ ಸಾವಿರ ಪಾಲಿಗೂ ಹೆಚ್ಚು ಬೇಕಾಯಿತು. ಝೋನಿನಲ್ಲಿ 22ಕ್ಕೆ 19 ಎಂದಾಗ ಎರಡೂ ಅಕ್ಕಪಕ್ಕ ನಿಂತಂತೆ ಕಂಡಿದ್ದವು. ಆದರೆ ಬಿಲ್ಲೆಯಲ್ಲಿದ್ದದ್ದು 10 ಮೈಕ್ರೊಗ್ರಾಂ, ನಮ್ಮ ಗುಳಿಯಲ್ಲಿದ್ದದ್ದು 8 ಮಿಲಿಗ್ರಾಂ. ಝೋನ್‌ಗಳನ್ನು ಹೀಗೆ ಪಕ್ಕದಲ್ಲಿಟ್ಟು ಹೋಲಿಸಬಾರದು.

ಖರ್ಚು

ಅಗರ್ 100 ಗ್ರಾಂ 1,150 ರೂಪಾಯಿ, ದ್ರವ ಮಾಧ್ಯಮ 100 ಗ್ರಾಂ 980, ಮೆಥನಾಲ್ ಎರಡು ಸೀಸೆ 640, ಡಿ.ಎಂ.ಎಸ್.ಒ. 430, ಜೆಂಟಾಮೈಸಿನ್ ಬಿಲ್ಲೆ 210, 96 ಗುಳಿಯ ಪ್ಲೇಟ್ ನಾಲ್ಕು 380, ಫಿಲ್ಟರ್ ಹತ್ತು 480, ಮಿಕ್ಸಿ ಕಪ್ಲರ್ 60, ಹೈಪೊಕ್ಲೋರೈಟ್ (ಕ್ರಿಮಿನಾಶಕ ಬ್ಲೀಚ್) 120. ಒಟ್ಟು 4,450. ಗಾಜಿನ ತಟ್ಟೆಗಳು ಕಾಲೇಜಿನವು. ಬಳಸಿದ ಪ್ರತಿ ತಟ್ಟೆಯನ್ನೂ ಕುಕ್ಕರಿನಲ್ಲಿ ಮತ್ತೆ 30 ನಿಮಿಷ ಬೇಯಿಸಿದ ಮೇಲೆಯೇ ತೊಳೆದದ್ದು. ಪಿಪೆಟ್ ತುದಿಗಳು ಹೈಪೊಕ್ಲೋರೈಟಿಗೆ. ಈ ಕುಕ್ಕರ್ ಇನ್ನು ಅಡುಗೆಮನೆಗೆ ಹೋಗುವಂತಿಲ್ಲ.

ಹಂತ 9: ಮಾರ್ಚ್ 10ರಿಂದ 14, ದೊಡ್ಡಮ್ಮನ ಕಷಾಯ

ಇಷ್ಟಾದರೂ ದೊಡ್ಡಮ್ಮನ ಕಷಾಯ ಬ್ಯಾಕ್ಟೀರಿಯಾವನ್ನು ತಡೆಯುತ್ತದೆಯೇ ಎಂಬ ಶುರುವಿನ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ದೊಡ್ಡಮ್ಮನ ಕೊಟ್ಟಿಗೆಯಲ್ಲಿ ಮೆಥನಾಲ್ ಎಲ್ಲಿಂದ ಬರಬೇಕು? ಫೋನ್ ಮಾಡಿ ಅಳತೆ ಕೇಳಿದೆ. ಜಜ್ಜಿದ ಕಾಯಿ ಒಂದು ಹಿಡಿ, ಒಂದು ತಂಬಿಗೆ ನೀರು, ಅರ್ಧಕ್ಕೆ ಇಳಿಯುವವರೆಗೆ ಕುದಿ. ನಾವು 40 ಗ್ರಾಂ ಸಿಪ್ಪೆಯನ್ನು 800 ಮಿಲಿಲೀಟರಿಗೆ ಹಾಕಿ 400ಕ್ಕೆ ಇಳಿಸಿ, ಬಟ್ಟೆಯಲ್ಲಿ ಸೋಸಿ, ತಣಿಸಿ, ಅದನ್ನೇ ಗುಳಿಗೆ ಹಾಕಿದೆವು. ಕೊನೆಯ ನಾಲ್ಕು ತಟ್ಟೆ.

ಆರಿಯಸ್ ಮೇಲೆ 13 ಮಿಲಿಮೀಟರ್, ಪಿ.ಎಚ್. ಸರಿಪಡಿಸಿದ ಮೇಲೂ 12. ಕೋಲೈ ಮೇಲೆ ಏನೂ ಇಲ್ಲ. ಉಳಿದ ಕಷಾಯವನ್ನು ಮೇಜಿನ ಮೇಲೆ ಮುಚ್ಚಿಟ್ಟಿದ್ದೆವು. ನಾಲ್ಕನೆಯ ದಿನ ಅದರ ಮೇಲೆ ಬೂದು ಬಣ್ಣದ ಬೂಸಲು ಕಟ್ಟಿತ್ತು.

ಇದನ್ನೆಲ್ಲ ಹೇಳಿದಾಗ ದೊಡ್ಡಮ್ಮ, "ಅಂದಂದಿನದನ್ನು ಅಂದಂದೇ ಮಾಡಬೇಕು ಕೂಸೇ, ಉಳಿದದ್ದನ್ನು ಅಡಿಕೆ ಮರದ ಬುಡಕ್ಕೆ ಚೆಲ್ಲಬೇಕು, ನಿನಗೆ ಹೇಳಿರಲಿಲ್ಲವೇ?" ಎಂದರು. ಹೇಳಿದ್ದು ನನಗೆ ನೆನಪಿಲ್ಲ. ಕಾಲುಬಾಯಿ ಜ್ವರ ವೈರಸ್‌ನಿಂದ ಬರುವುದು, ನಮ್ಮ ತಟ್ಟೆಗಳು ಅದರ ಬಗ್ಗೆ ಏನೂ ಹೇಳುವುದಿಲ್ಲ, ಹುಣ್ಣಿಗೆ ಆಮೇಲೆ ಸೇರಿಕೊಳ್ಳುವ ಬ್ಯಾಕ್ಟೀರಿಯಾದಲ್ಲಿ ಒಂದರ ಬಗ್ಗೆ ಮಾತ್ರ ನೋಡಿದ್ದೇವೆ, ಅದೂ ಗಾಜಿನ ತಟ್ಟೆಯಲ್ಲಿ, ಹಸುವಿನ ಕಾಲಿನಲ್ಲಲ್ಲ ಎಂದೆ. "ಲಸಿಕೆ ಆರು ತಿಂಗಳಿಗೊಮ್ಮೆ ಹಾಕಿಸುತ್ತೇನಲ್ಲ. ಗಾಯ ತೊಳೆಯುವುದಕ್ಕೆ ಹೇಳಿದ್ದು ನಾನು" ಎಂದರು.

ಉಳಿದ ಕೆಲಸ: ಅಂದಿನ ಕಷಾಯ, ಒಂದು ದಿನದ್ದು, ಎರಡು ದಿನದ್ದು ಎಂದು ಮೂರನ್ನೂ ಪಕ್ಕಪಕ್ಕ ಹಾಕಿ ನೋಡುವುದು. ಅಗರ್ ಡಬ್ಬಿಯಲ್ಲಿ ಇನ್ನೂ 50 ಗ್ರಾಂ ಇದೆ. ದೊಡ್ಡಮ್ಮ ಮುಂದಿನ ವಾರ ಒಂದು ಚೀಲ ಕಾಯಿ ಕಳಿಸುತ್ತಾರೆ, ಬೀಜ ತೆಗೆದು.